ರೆಟಿನಾಲ್: ಮೊದಲ ರಾತ್ರಿಯಿಂದ ಆರನೇ ತಿಂಗಳವರೆಗೆ

ಸುಕ್ಕು, ಕಲೆ ಕಡಿಮೆ ಮಾಡುವ ರೆಟಿನಾಲ್ ಅನ್ನು ನಾನು ಮೊದಲ ಸಲ ಮುಖಕ್ಕೆ ಹಚ್ಚಿದಾಗ ನನಗೆ 38 ವರ್ಷ. ನಗದೇ ಇದ್ದಾಗಲೂ ಕಣ್ಣಿನ ಪಕ್ಕದ ಗೆರೆಗಳು ಕಾಣತೊಡಗಿದ್ದವು. ಶೇ. 1ರ ಸೀರಮ್ ತಂದು, ಜಾಸ್ತಿ ಇದ್ದಷ್ಟೂ ಬೇಗ ಕೆಲಸ ಮಾಡುತ್ತದೆ ಅಂದುಕೊಂಡು ದಿನಾ ರಾತ್ರಿ ಹಚ್ಚಿದೆ. ಮೊದಲ ಮೂರು ರಾತ್ರಿ ಏನೂ ಆಗಲಿಲ್ಲ. ಐದನೇ ದಿನ ಬೆಳಿಗ್ಗೆ ಮುಖಕ್ಕೆ ಬರೀ ನೀರು ತಾಗಿದರೂ ಚುರುಚುರು ಉರಿ. ಎರಡನೇ ವಾರಕ್ಕೆ ಬಾಯಿಯ ಸುತ್ತ ಸಿಪ್ಪೆ ಎದ್ದಿತು. ಸಿಪ್ಪೆ ಉದುರಿದ ಜಾಗದಲ್ಲಿ ಕಂದು ಕಲೆ ಉಳಿದುಕೊಂಡಿತು. ಅದು ಮಾಸಲು ನಾಲ್ಕು ತಿಂಗಳು ಹಿಡಿಯಿತು.

ಆ ಸೀರಮ್ ಕೆಟ್ಟದ್ದೇನೂ ಆಗಿರಲಿಲ್ಲ. ನಾನು ಅವಸರ ಮಾಡಿದ್ದೆ, ಅಷ್ಟೇ. ಚರ್ಮ ಪೂರ್ತಿ ಸುಧಾರಿಸಿದ ಮೇಲೆ ಕಡಿಮೆ ಪ್ರಮಾಣದ ಕ್ರೀಮ್ ಒಂದನ್ನು ತಂದು, ವಾರಕ್ಕೆ ಎರಡೇ ರಾತ್ರಿ ಎಂದು ಮತ್ತೆ ಶುರು ಮಾಡಿದೆ. ಆರು ವರ್ಷ ಆಯಿತು, ಇವತ್ತಿಗೂ ಬಿಟ್ಟಿಲ್ಲ. ಆ ಎರಡನೇ ಸಲ ಏನೇನು ಬದಲಾಯಿಸಿಕೊಂಡೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕಾರಣಗಳನ್ನೂ ಜೊತೆಗೇ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ನಿಮ್ಮ ಚರ್ಮಕ್ಕೆ ತಕ್ಕಂತೆ ನೀವೇ ಹೊಂದಿಸಿಕೊಳ್ಳಬಹುದು.

ಯಾರು ಹಚ್ಚಬಾರದು

ಇದನ್ನು ಮೊದಲೇ ಹೇಳಿಬಿಡಬೇಕು. ಗರ್ಭಿಣಿಯರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ರೆಟಿನಾಲ್ ಹಚ್ಚಬೇಡಿ. ಹಾಲುಣಿಸುತ್ತಿರುವವರು ಡಾಕ್ಟರನ್ನು ಕೇಳದೆ ಹಚ್ಚಬೇಡಿ. ರೆಟಿನಾಲ್ ಹಾಗೆಯೇ ವಿಟಮಿನ್ ಎ ಗುಂಪಿಗೆ ಸೇರಿದ ಐಸೊಟ್ರೆಟಿನಾಯಿನ್ ಎಂಬ ಮೊಡವೆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ನಿಜ. ಆದರೂ ಸುಕ್ಕಿನ ಸಲುವಾಗಿ ಆ ಸಣ್ಣ ಅಪಾಯವಾದರೂ ಯಾಕೆ? ಸುಕ್ಕು ಕಾಯುತ್ತದೆ. ಹಚ್ಚುತ್ತಿರುವಾಗಲೇ ಗರ್ಭಿಣಿ ಎಂದು ಗೊತ್ತಾದರೆ ಗಾಬರಿಯಾಗಬೇಡಿ. ಅವತ್ತೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

ಮುಖದಲ್ಲಿ ಎಕ್ಸಿಮಾ ಇರುವವರು, ರೊಸೇಶಿಯಾ (ಮುಖ ಪದೇ ಪದೇ ಕೆಂಪಾಗುವ ತೊಂದರೆ) ಇರುವವರು, ಮೊಡವೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಚರ್ಮದ ಡಾಕ್ಟರನ್ನು ಕಂಡೇ ಮುಂದುವರಿಯಬೇಕು. ಬಿಸಿಲಿಗೆ ಸುಟ್ಟ ಚರ್ಮದ ಮೇಲೆ, ಗಾಯದ ಮೇಲೆ ಯಾರೂ ಹಚ್ಚಬಾರದು.

ಇಂಥವರಿಗೆ ಬದಲಿಯಾಗಿ ಬಾಕುಚಿಯಾಲ್ ಎಂಬ ಹೆಸರು ಈಗ ಹೆಚ್ಚು ಕೇಳಿಬರುತ್ತದೆ. ಬಾಕುಚಿ ಗಿಡದಿಂದ ತೆಗೆದ ಅಂಶ ಅದು. 44 ಜನರ ಮೇಲೆ 12 ವಾರ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಸುಕ್ಕು ಮತ್ತು ಕಲೆ ಕಡಿಮೆ ಮಾಡುವುದರಲ್ಲಿ ಅದು ರೆಟಿನಾಲ್‌ಗೆ ಸಮನಾಗಿ ನಿಂತಿತು, ಸಿಪ್ಪೆ ಏಳುವುದೂ ಉರಿಯೂ ಕಡಿಮೆ ಇತ್ತು. ಒಳ್ಳೆಯ ಸುದ್ದಿಯೇ. ಆದರೆ ಗರ್ಭಿಣಿಯರು ಇದನ್ನೂ ಡಾಕ್ಟರನ್ನು ಕೇಳಿಯೇ ಬಳಸಬೇಕು. ಇನ್ನೊಂದು ಎಚ್ಚರಿಕೆ. ಬಾಕುಚಿ ಬೀಜದ ಪುಡಿಯನ್ನು ಮನೆಯಲ್ಲೇ ಕಲಸಿ ಮುಖಕ್ಕೆ ಬಳಿದುಕೊಳ್ಳಬೇಡಿ. ಬೀಜದಲ್ಲಿ ಸೋರಲೆನ್ ಇರುತ್ತದೆ. ಅದು ಚರ್ಮದ ಮೇಲಿದ್ದು ಬಿಸಿಲು ತಾಗಿದರೆ ಬೊಕ್ಕೆ ಏಳಬಹುದು.

ಚರ್ಮದ ಒಳಗೆ ನಡೆಯುವುದೇನು

ರೆಟಿನಾಲ್ ಅಂದರೆ ವಿಟಮಿನ್ ಎ. ಚರ್ಮ ಅದನ್ನು ಹಾಗೇ ಬಳಸಿಕೊಳ್ಳುವುದಿಲ್ಲ. ಮೊದಲು ರೆಟಿನಾಲ್ಡಿಹೈಡ್ ಆಗಿ, ಆಮೇಲೆ ರೆಟಿನಾಯಿಕ್ ಆಮ್ಲವಾಗಿ ಬದಲಾಯಿಸಿಕೊಳ್ಳುತ್ತದೆ. ಕೆಲಸ ಮಾಡುವುದು ಈ ಕೊನೆಯ ರೂಪ. ಅದು ಜೀವಕೋಶದ ನಡುವಿನ ಕೇಂದ್ರಕ್ಕೆ ಹೋಗಿ, ಹೊಸ ಕೋಶಗಳು ಬೇಗ ಹುಟ್ಟುವಂತೆ ಮಾಡುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಜಾಸ್ತಿ ತಯಾರಾಗುತ್ತದೆ. ಬಿಸಿಲಿನಿಂದ ಚುರುಕಾಗುವ, ಕೊಲಾಜನ್ ಕತ್ತರಿಸುವ ಕಿಣ್ವಗಳಿಗೆ ತಡೆ ಬೀಳುತ್ತದೆ.

ಡಾಕ್ಟರ ಚೀಟಿ ಮೇಲೆ ಸಿಗುವ ಟ್ರೆಟಿನಾಯಿನ್ ಅಂದರೆ ನೇರವಾಗಿ ಆ ಕೊನೆಯ ರೂಪವೇ. ಅಮೆರಿಕದಲ್ಲಿ 1971ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೊಡವೆಗೆ. ಮೊಡವೆಗೆಂದು ಹಚ್ಚಿದವರಲ್ಲಿ ವಯಸ್ಸಾದವರ ಚರ್ಮ ನುಣುಪಾಗುವುದು ಆಮೇಲೆ ಗಮನಕ್ಕೆ ಬಂತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಜೊತೆಗಾರರು 1986ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸಣ್ಣ ಸುಕ್ಕುಗಳಿಗೆಂದೇ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ರೆಟಿನಾಲ್ ಎರಡು ಮೆಟ್ಟಿಲು ಕೆಳಗಿದೆ. ಅದಕ್ಕೇ ನಿಧಾನ, ಅದಕ್ಕೇ ಸೌಮ್ಯ. ನನಗೆ ತುಂಬ ಧೈರ್ಯ ಕೊಟ್ಟ ಅಧ್ಯಯನ ಒಂದಿದೆ. 2007ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ಸರಾಸರಿ 87 ವರ್ಷದ 36 ಜನರ ತೋಳಿನ ಒಳಭಾಗಕ್ಕೆ ಶೇ. 0.4ರ ರೆಟಿನಾಲ್ ಲೋಷನ್ ಹಚ್ಚಿದರು. ದಿನಾ ಅಲ್ಲ, ವಾರಕ್ಕೆ ಹೆಚ್ಚೆಂದರೆ ಮೂರು ಸಲ. 24 ವಾರ ಕಳೆಯುವ ಹೊತ್ತಿಗೆ ಆ ಚರ್ಮದ ಸಣ್ಣ ಸುಕ್ಕುಗಳು ಕಡಿಮೆಯಾಗಿದ್ದವು. 87 ವರ್ಷದ ಚರ್ಮ, ವಾರಕ್ಕೆ ಮೂರೇ ಸಲ! ದಿನಾ ಹಚ್ಚಲು ಆಗುತ್ತಿಲ್ಲ ಎಂದು ಕೊರಗುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಟ್ಯೂಬ್ ಆರಿಸುವುದು

ಮೊದಲ ಸಲದವರಿಗೆ ಶೇ. 0.1ರಿಂದ 0.3ರವರೆಗಿನ ರೆಟಿನಾಲ್ ಸಾಕು. ಯುರೋಪಿಯನ್ ಒಕ್ಕೂಟ ಮುಖದ ಕ್ರೀಮುಗಳಲ್ಲಿ ಶೇ. 0.3, ಮೈಗೆ ಹಚ್ಚುವ ಲೋಷನ್‌ಗಳಲ್ಲಿ ಶೇ. 0.05 ಎಂದು ಮಿತಿಯನ್ನೇ ಹಾಕಿದೆ. ಊಟ, ಮಾತ್ರೆ, ಕ್ರೀಮು ಎಲ್ಲ ಸೇರಿ ದೇಹಕ್ಕೆ ವಿಟಮಿನ್ ಎ ಅತಿಯಾಗಬಾರದು ಎಂಬುದು ಅದರ ಹಿಂದಿನ ಯೋಚನೆ. ಶೇ. 0.5, ಶೇ. 1 ಇರುವ ಸೀರಮ್‌ಗಳನ್ನು ವರ್ಷಗಟ್ಟಲೆ ಅಭ್ಯಾಸ ಆದವರಿಗೆ ಬಿಡಿ.

ಡಬ್ಬದ ಮೇಲಿನ ಸಂಖ್ಯೆಯನ್ನು ಸರಿಯಾಗಿ ಓದಿ. ಕೆಲವರು "ರೆಟಿನಾಲ್ ಕಾಂಪ್ಲೆಕ್ಸ್ ಶೇ. 5" ಎಂದು ದೊಡ್ಡದಾಗಿ ಬರೆಯುತ್ತಾರೆ. ಅದು ಇಡೀ ಮಿಶ್ರಣದ ಲೆಕ್ಕ, ಅದರೊಳಗಿನ ರೆಟಿನಾಲ್ ತೀರಾ ಸ್ವಲ್ಪ ಇರಬಹುದು. ಪಟ್ಟಿಯಲ್ಲಿ ರೆಟಿನೈಲ್ ಪಾಲ್ಮಿಟೇಟ್ ಎಂದಿದ್ದರೆ ಅದು ರೆಟಿನಾಲ್‌ಗಿಂತ ಇನ್ನೂ ಸೌಮ್ಯ. ರೆಟಿನಾಲ್ಡಿಹೈಡ್ ಎಂದಿದ್ದರೆ ಒಂದು ಮೆಟ್ಟಿಲು ಮೇಲೆ.

ಬೆಳಕು, ಗಾಳಿ, ಬಿಸಿ ಈ ಮೂರೂ ರೆಟಿನಾಲ್ ಅನ್ನು ಕೆಡಿಸುತ್ತವೆ. ಪಾರದರ್ಶಕ ಗಾಜಿನ ಬಾಟಲಿ, ಬೆರಳು ಅದ್ದುವ ಅಗಲ ಬಾಯಿಯ ಡಬ್ಬಿ ಬೇಡ. ಅಲ್ಯೂಮಿನಿಯಂ ಟ್ಯೂಬ್ ಅಥವಾ ಗಾಳಿಯಾಡದ ಪಂಪ್ ಬಾಟಲಿ ಒಳ್ಳೆಯದು. ಸೀರಮ್‌ಗಿಂತ ಕ್ರೀಮು ಒಣ ಚರ್ಮದವರಿಗೆ ಹಿತವಾಗಿರುತ್ತದೆ.

ಇಲ್ಲೇ ಒಂದು ಮಾತು. ಟ್ರೆಟಿನಾಯಿನ್, ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಮೂರೂ ಸೇರಿದ ಕ್ರೀಮುಗಳಿವೆ. ಕಲೆಗೆಂದು ಡಾಕ್ಟರು ಕೆಲವು ವಾರಕ್ಕೆ ಮಾತ್ರ ಬರೆದುಕೊಡುವಂಥವು. ಅದನ್ನೇ "ಫೇಸ್ ಕ್ರೀಮ್" ಅಂದುಕೊಂಡು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಮುಖ ಸದಾ ಕೆಂಪಾಗಿ ಉರಿಯುವಂತೆ ಮಾಡುತ್ತದೆ. ದಯವಿಟ್ಟು ಯಾರೋ ಹೇಳಿದರೆಂದು ಅದನ್ನು ತರಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ ಬಿಡುವ ದಾರಿ ಕೇಳಿ. ತಿಂಗಳುಗಟ್ಟಲೆ ಹಚ್ಚಿದ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ಮುಖ ಕೆರಳುತ್ತದೆ.

ಶುರುವಿಗೆ ಎರಡು ವಾರ ಮುಂಚೆ

ಟ್ಯೂಬ್ ತಂದ ದಿನವೇ ತೆರೆಯಬೇಡಿ. ಮೊದಲು ಚರ್ಮವನ್ನು ಸಿದ್ಧ ಮಾಡಿ. ಮುಖ ತೊಳೆದ ಮೇಲೆ ಬಿಗಿದಂತೆ ಅನ್ನಿಸುವ ಫೇಸ್ ವಾಶ್ ಬಿಟ್ಟು ಸೌಮ್ಯವಾದದ್ದನ್ನು ಹಿಡಿಯಿರಿ. ಸ್ಕ್ರಬ್ ಪೂರ್ತಿ ನಿಲ್ಲಿಸಿ. ಸೆರಮೈಡ್ ಅಥವಾ ಗ್ಲಿಸರಿನ್ ಇರುವ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಬೆಳಿಗ್ಗೆ ರಾತ್ರಿ ಹಚ್ಚಿ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರುವ ಸನ್‌ಸ್ಕ್ರೀನ್.

ಸನ್‌ಸ್ಕ್ರೀನ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಎರಡು ವಾರ ತಪ್ಪದೆ ಹಚ್ಚಲು ಆಗದಿದ್ದರೆ ರೆಟಿನಾಲ್ ಶುರು ಮಾಡಬೇಡಿ. ರೆಟಿನಾಲ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಅದಕ್ಕಿಂತ ಮುಖ್ಯ, ಮುಖದ ಸುಕ್ಕಿಗೂ ಕಲೆಗೂ ದೊಡ್ಡ ಕಾರಣ ಬಿಸಿಲೇ. ರಾತ್ರಿ ಕಟ್ಟಿದ್ದನ್ನು ಹಗಲು ಕೆಡವಿದರೆ ಏನು ಉಳಿಯುತ್ತದೆ? ಮುಖ, ಕತ್ತಿಗೆ ಸೇರಿ ಎರಡು ಬೆರಳುದ್ದ ಸನ್‌ಸ್ಕ್ರೀನ್ ಬೇಕು. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಎರಡನೇ ವಾರದಲ್ಲಿ ಪ್ಯಾಚ್ ಟೆಸ್ಟ್ ಮಾಡಿ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನ ಬಿಟ್ಟು ದಿನ ರಾತ್ರಿ ಒಂದು ವಾರ ಹಚ್ಚಿ. ಒಂದೇ ರಾತ್ರಿ ಹಚ್ಚಿ ನೋಡಿದರೆ ಪ್ರಯೋಜನವಿಲ್ಲ. ನನಗೂ ಮೊದಲ ಮೂರು ರಾತ್ರಿ ಏನೂ ಆಗಿರಲಿಲ್ಲ, ಅಲ್ವಾ? ಆ ಜಾಗ ತುರಿಸಿ ಊದಿಕೊಂಡರೆ, ನೀರುಗುಳ್ಳೆ ಎದ್ದರೆ ಆ ಕ್ರೀಮು ನಿಮಗಲ್ಲ.

ಮೊದಲ ರಾತ್ರಿ

ಮರುದಿನ ಮುಖ್ಯ ಕಾರ್ಯಕ್ರಮ ಇಲ್ಲದ ರಾತ್ರಿಯನ್ನು ಆರಿಸಿಕೊಳ್ಳಿ. ಮುಖ ತೊಳೆದು ಮೆತ್ತಗೆ ಒತ್ತಿ ಒರೆಸಿ. ಆಮೇಲೆ 20 ನಿಮಿಷ ಸುಮ್ನೆ ಬಿಡಿ. ಒದ್ದೆ ಚರ್ಮದಲ್ಲಿ ರೆಟಿನಾಲ್ ಬೇಗ, ಆಳವಾಗಿ ಇಳಿಯುತ್ತದೆ. ಶುರುವಿನಲ್ಲಿ ಅದು ನಮಗೆ ಬೇಡ.

ಕಣ್ಣಿನ ಮೂಲೆ, ಮೂಗಿನ ಪಕ್ಕದ ಮಡಿಕೆ, ತುಟಿಯ ತುದಿ ಇಲ್ಲೆಲ್ಲ ಚೂರು ಪೆಟ್ರೋಲಿಯಂ ಜೆಲ್ಲಿ ಸವರಿ. ಮುಖದಲ್ಲಿ ಮೊದಲು ಉರಿಯುವ ಜಾಗಗಳು ಇವೇ. ಕ್ರೀಮು ಜಾರಿ ಈ ಮಡಿಕೆಗಳಲ್ಲಿ ಕೂಡಿಕೊಳ್ಳುತ್ತದೆ. ನನ್ನ ಬಾಯಿಯ ಸುತ್ತ ಕಲೆ ಆದದ್ದೂ ಹೀಗೇ.

ಈಗ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ಐದು ಹತ್ತು ನಿಮಿಷ ಬಿಟ್ಟು, ಬಟಾಣಿ ಕಾಳಿನಷ್ಟು ರೆಟಿನಾಲ್ ಕ್ರೀಮು ಬೆರಳಿಗೆ ತೆಗೆದುಕೊಳ್ಳಿ. ಇಡೀ ಮುಖಕ್ಕೆ ಅಷ್ಟೇ. ಹಣೆ, ಎರಡು ಕೆನ್ನೆ, ಗಲ್ಲ, ಹೀಗೆ ನಾಲ್ಕು ಕಡೆ ಚುಕ್ಕಿ ಇಟ್ಟು ಹರಡಿ. ತುಂಬ ಕಡಿಮೆ ಅನ್ನಿಸುತ್ತದೆ. ಇನ್ನೊಂದು ಚೂರು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಜಾಸ್ತಿ ಹಚ್ಚಿದರೆ ಜಾಸ್ತಿ ಆಗುವುದು ಉರಿ ಮಾತ್ರ. ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್ ಹಚ್ಚಿ ಮಲಗಿ. ಕೆಳಗೆ ಮೇಲೆ ಮಾಯಿಶ್ಚರೈಸರ್, ನಡುವೆ ರೆಟಿನಾಲ್ ಇರುವುದರಿಂದ ಇದಕ್ಕೆ ಸ್ಯಾಂಡ್‌ವಿಚ್ ವಿಧಾನ ಎಂದೇ ಹೆಸರು. ಹೀಗೆ ಹಚ್ಚಿದರೆ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಮೊದಲ ಎರಡು ಮೂರು ತಿಂಗಳಿಗೆ ಅದೇ ಸರಿ. ಚರ್ಮ ಒಗ್ಗಿದ ಮೇಲೆ ಕೆಳಗಿನ ಪದರ ಬಿಡಬಹುದು.

ಇದಕ್ಕೂ ತಡೆಯದಷ್ಟು ನಾಜೂಕು ಚರ್ಮ ಇದ್ದರೆ, ರೆಟಿನಾಲ್ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದು ಮಾಯಿಶ್ಚರೈಸರ್ ಹಚ್ಚಿ. ವಾರಗಳು ಕಳೆದಂತೆ ಆ ಸಮಯವನ್ನು ನಿಧಾನಕ್ಕೆ ಹೆಚ್ಚಿಸಿ.

ವಾರಕ್ಕೆ ಎಷ್ಟು ರಾತ್ರಿ

ಮೊದಲ ನಾಲ್ಕು ವಾರ, ವಾರಕ್ಕೆ ಎರಡು ರಾತ್ರಿ. ನಡುವೆ ಕನಿಷ್ಠ ಎರಡು ದಿನ ಅಂತರ ಇರಲಿ. ಏನೂ ತೊಂದರೆ ಇಲ್ಲದಿದ್ದರೆ ಮುಂದಿನ ನಾಲ್ಕು ವಾರ ಮೂರು ರಾತ್ರಿ. ಆಮೇಲೆ ದಿನ ಬಿಟ್ಟು ದಿನ. ಅಲ್ಲಿಗೆ ನಿಂತರೂ ಸಾಕು. ನಾನು ಆರು ವರ್ಷದಿಂದ ವಾರಕ್ಕೆ ನಾಲ್ಕು ರಾತ್ರಿಯಲ್ಲೇ ಇದ್ದೇನೆ, ಐದಕ್ಕೆ ಹೋದಾಗಲೆಲ್ಲ ಕೆನ್ನೆ ಒಣಗುತ್ತದೆ. ಗೆಳತಿಗೆ ದಿನಾ ಹಚ್ಚಿದರೂ ಏನೂ ಆಗುವುದಿಲ್ಲ ಎಂದು ನೀವು ಓಡಬೇಕಿಲ್ಲ. ರಾತ್ರಿಗಳ ಸಂಖ್ಯೆಯನ್ನೂ ಕ್ರೀಮಿನ ಶೇಕಡಾವನ್ನೂ ಒಟ್ಟಿಗೆ ಏರಿಸಬೇಡಿ. ತೊಂದರೆ ಆದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಚರ್ಮ ಏನು ಹೇಳುತ್ತಿದೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಲಿಯಬೇಕಾದದ್ದು ಇದನ್ನೇ. ಮೊದಲ ವಾರಗಳಲ್ಲಿ ಸ್ವಲ್ಪ ಒಣಗುವುದು, ಮೂಗಿನ ಪಕ್ಕ ತೆಳ್ಳಗೆ ಪುಡಿ ಪುಡಿ ಏಳುವುದು, ಹಚ್ಚಿದ ರಾತ್ರಿ ನಸುಗೆಂಪಾಗಿ ಬೆಳಿಗ್ಗೆ ಸರಿಹೋಗುವುದು ಇವೆಲ್ಲ ಸಾಮಾನ್ಯ. ಮಾಯಿಶ್ಚರೈಸರ್ ಜಾಸ್ತಿ ಹಚ್ಚಿ ಮುಂದುವರಿಯಿರಿ. ಏಳುತ್ತಿರುವ ಸಿಪ್ಪೆಯನ್ನು ಕೀಳಬೇಡಿ, ಉಜ್ಜಬೇಡಿ.

ಬರೀ ನೀರು ಅಥವಾ ದಿನಾ ಹಚ್ಚುವ ಮಾಯಿಶ್ಚರೈಸರ್ ತಾಗಿದರೂ ಉರಿದರೆ, ಅದು ಚರ್ಮದ ಹೊರಪದರಕ್ಕೆ ಏಟು ಬಿದ್ದಿರುವ ಗುರುತು. ಮುಖ ವಿಪರೀತ ಹೊಳೆಯುತ್ತಾ, ಬಿಗಿದಂತೆ ಇದ್ದರೂ ಅದೇ. ಆ ಹೊಳಪನ್ನು ನೋಡಿ ಕ್ರೀಮು ಕೆಲಸ ಮಾಡುತ್ತಿದೆ ಎಂದು ನಾನು ಖುಷಿಪಟ್ಟಿದ್ದೆ, ಮೋಸಹೋಗಬೇಡಿ. ತಕ್ಷಣ ರೆಟಿನಾಲ್ ನಿಲ್ಲಿಸಿ. ಸೌಮ್ಯ ಫೇಸ್ ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಉರಿ ಪೂರ್ತಿ ಹೋದ ಮೇಲೂ ಒಂದು ವಾರ ಕಾದು, ಮತ್ತೆ ವಾರಕ್ಕೆ ಒಂದು ರಾತ್ರಿಯಿಂದ ಶುರು ಮಾಡಿ. ಕಂದು ಮತ್ತು ಕಪ್ಪು ಮೈಬಣ್ಣದವರಿಗೆ ಇದು ಇನ್ನೂ ಮುಖ್ಯ. ನಮ್ಮ ಚರ್ಮ ಕೆರಳಿದರೆ ಕೆಂಪು ಹೋದರೂ ಕಲೆ ಉಳಿಯುತ್ತದೆ. ಒಂದು ವಾರದ ಹಟ ತಿಂಗಳುಗಟ್ಟಲೆ ಮುಖದ ಮೇಲೆ ಕಾಣುತ್ತದೆ. ನೋವಾದರೇನೇ ಕೆಲಸ ಆಗುತ್ತಿದೆ ಎಂದು ಹೇಳುವವರ ಮಾತನ್ನು ದಯವಿಟ್ಟು ಕೇಳಬೇಡಿ.

ರೆಪ್ಪೆ ಊದಿಕೊಂಡರೆ, ನೀರುಗುಳ್ಳೆ ಎದ್ದರೆ, ವಿಪರೀತ ತುರಿಸಿದರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರ ಹತ್ತಿರ ಹೋಗಿ.

ಮೊಡವೆಯ ಮುಖದವರಿಗೆ ಇನ್ನೊಂದು ಗೊಂದಲ. ಶುರುವಿನ ನಾಲ್ಕಾರು ವಾರ ಮೊಡವೆ ಜಾಸ್ತಿ ಆಗಬಹುದು. ಒಳಗೇ ಇದ್ದದ್ದು ಬೇಗ ಹೊರಗೆ ಬರುತ್ತದೆ. ನಿಮಗೆ ಯಾವಾಗಲೂ ಮೊಡವೆ ಏಳುವ ಜಾಗದಲ್ಲೇ ಎದ್ದು, ಬೇಗ ಆರಿದರೆ ಚಿಂತೆ ಬೇಡ. ಎಂದೂ ಏಳದ ಜಾಗದಲ್ಲಿ ಎದ್ದರೆ, ಎರಡು ತಿಂಗಳಾದರೂ ನಿಲ್ಲದಿದ್ದರೆ ಆ ಕ್ರೀಮು ಹೊಂದುತ್ತಿಲ್ಲ.

ಜೊತೆಗೆ ಏನು ಹಚ್ಚಬಹುದು

ಗ್ಲೈಕೋಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆಮ್ಲದ ಸೀರಮ್‌ಗಳನ್ನು ರೆಟಿನಾಲ್ ರಾತ್ರಿ ಬಿಟ್ಟುಬಿಡಿ. ಮೊದಲ ಮೂರು ತಿಂಗಳು ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಮೊಡವೆಗೆ ಹಚ್ಚುವ ಬೆನ್ಝಾಯಿಲ್ ಪೆರಾಕ್ಸೈಡ್ ಕೂಡ ಅದೇ ರಾತ್ರಿ ಬೇಡ. ವಿಟಮಿನ್ ಸಿ ಬೆಳಿಗ್ಗೆಗೆ ಇರಲಿ. ನಯಾಸಿನಮೈಡ್, ಹಯಲುರಾನಿಕ್ ಆಮ್ಲ, ಸೆರಮೈಡ್ ಇವು ರೆಟಿನಾಲ್ ಜೊತೆ ಚೆನ್ನಾಗಿ ಹೊಂದುತ್ತವೆ.

ಕತ್ತಿನ ಚರ್ಮ ಮುಖಕ್ಕಿಂತ ಬೇಗ ಕೆರಳುತ್ತದೆ. ಮುಖ ಒಗ್ಗಿದ ಮೇಲೆ, ವಾರಕ್ಕೆ ಒಂದು ರಾತ್ರಿಯಿಂದ ಬೇರೆಯಾಗಿ ಶುರು ಮಾಡಿ. ಕಣ್ಣಿನ ಸುತ್ತ ಮೂಳೆಯ ಅಂಚಿನವರೆಗೆ ಮಾತ್ರ, ರೆಪ್ಪೆಯ ಮೇಲೆ ಬೇಡ. ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸುವವರು ಕನಿಷ್ಠ ಒಂದು ವಾರ ಮೊದಲೇ ರೆಟಿನಾಲ್ ನಿಲ್ಲಿಸಿ, ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು. ಲೇಸರ್, ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಮಾಡಿಸುವ ಮುಂಚೆಯೂ ಹಚ್ಚುತ್ತಿರುವ ವಿಷಯ ಹೇಳಿ.

ಯಾವಾಗ ಗೊತ್ತಾಗುತ್ತದೆ

ಶುರು ಮಾಡುವ ದಿನ ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ ಒಂದು ಫೋಟೋ ತೆಗೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇನ್ನೊಂದು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬೇಸರ ಮಾತ್ರ ಬರುತ್ತದೆ. ಚರ್ಮ ನುಣುಪಾಗುವುದು ಎರಡು ಮೂರು ತಿಂಗಳಲ್ಲಿ ಕೈಗೆ ತಿಳಿಯುತ್ತದೆ. ಕಲೆ ತಿಳಿಯಾಗುವುದು, ಸಣ್ಣ ಗೆರೆ ಮಸುಕಾಗುವುದು ಕಾಣಲು ಮೂರರಿಂದ ಆರು ತಿಂಗಳು ಬೇಕು. ಕೊಲಾಜನ್ ನಿಧಾನಕ್ಕೇ ಕಟ್ಟಿಕೊಳ್ಳುತ್ತದೆ. ಆಳವಾದ ಮಡಿಕೆ, ಜೋತುಬಿದ್ದ ಚರ್ಮ ರೆಟಿನಾಲ್‌ನಿಂದ ಸರಿಹೋಗುವುದಿಲ್ಲ. ಅದಕ್ಕೆ ಶೇ. 1ಕ್ಕೆ ಏರಿಸಿದರೂ ಅಷ್ಟೇ.

ಕಾಯಿಲೆ ಬಂದೋ, ಪ್ರಯಾಣದಲ್ಲೋ ಎರಡು ಮೂರು ವಾರ ತಪ್ಪಿಹೋದರೆ ಬಿಟ್ಟಲ್ಲಿಂದಲೇ ಹಿಡಿಯಬೇಡಿ. ಮತ್ತೆ ವಾರಕ್ಕೆ ಎರಡು ರಾತ್ರಿ, ಮತ್ತೆ ಸ್ಯಾಂಡ್‌ವಿಚ್. ಈ ಸಲ ಒಗ್ಗಲು ನಾಲ್ಕು ವಾರ ಬೇಕಾಗುವುದಿಲ್ಲ, ಎರಡು ಸಾಕು. ಟ್ಯೂಬ್ ಮಾತ್ರ ನೋಡಿಕೊಳ್ಳಿ. ಬಣ್ಣ ಗಾಢ ಹಳದಿಗೋ ಕಂದಿಗೋ ತಿರುಗಿದ್ದರೆ, ವಾಸನೆ ಬದಲಾಗಿದ್ದರೆ ಅದನ್ನು ಎಸೆದು ಹೊಸದನ್ನು ತನ್ನಿ.